ಸೈಕಲ್ ಸವಾರನಿಗೆ ಪರಿಹಾರದ ಹಕ್ಕಿದೆ, ಕೈಯಲ್ಲಿ ಕಾಗದವಿಲ್ಲ

ಬಾಗಲಕೋಟೆ: ಇಳಕಲ್ಲಿನ ಓಣಿಗಳಲ್ಲಿ ಮಗ್ಗದ ಸದ್ದು ಏಳುವ ಮೊದಲೇ ಸೈಕಲ್ ಗಂಟೆಯ ಸದ್ದು ಕೇಳಿಬರುತ್ತದೆ. ಹಾಲು ಹಾಕುವವರು, ಪತ್ರಿಕೆ ಹಂಚುವ ಹುಡುಗರು, ನೂಲಿನ ಗಂಟನ್ನು ಹಿಂಬದಿಗೆ ಬಿಗಿದುಕೊಂಡು ಹೊರಟ ನೇಕಾರರು ನಸುಕಿನಲ್ಲೇ ರಸ್ತೆಗಿಳಿದಿರುತ್ತಾರೆ. ಹುನಗುಂದದ ಸುತ್ತಲಿನ ಹಳ್ಳಿಗಳಲ್ಲಿ ಬುತ್ತಿಗಂಟಿನೊಡನೆ ಹೊಲಕ್ಕೆ ಹೋಗುವ ಕೂಲಿಕಾರರಿಗೂ, ಬಾಗಲಕೋಟೆಯ ಹಳೆಯ ಪಟ್ಟಣದಿಂದ ನವನಗರಕ್ಕೆ ದುಡಿಯಲು ಬರುವವರಿಗೂ, ಬಾದಾಮಿಯ ಶಾಲೆಗಳಿಗೆ ಹಳ್ಳಿಗಳಿಂದ ಬರುವ ಮಕ್ಕಳಿಗೂ ಇಂದಿಗೂ ಸೈಕಲ್ಲೇ ಆಧಾರ. ಅದೇ ರಸ್ತೆಗಳಲ್ಲಿ ಸೊಲ್ಲಾಪುರ-ಹೊಸಪೇಟೆ ಹೆದ್ದಾರಿಯ ಭಾರಿ ಲಾರಿಗಳು, ಗ್ರಾನೈಟ್ ಕಲ್ಲು ಹೊತ್ತ ವಾಹನಗಳು, ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರುಗಳನ್ನು ಎಳೆದುಕೊಂಡು ಹಿಂಬದಿಗೆ ದೀಪವೇ ಇಲ್ಲದೆ ಸಾಗುವ ಟ್ರ್ಯಾಕ್ಟರುಗಳು, ಬನಶಂಕರಿ ಜಾತ್ರೆಯ ದಿನಗಳಲ್ಲಿ ಬಾದಾಮಿಯತ್ತ ಧಾವಿಸುವ ಕಾರು-ಜೀಪುಗಳು ಓಡಾಡುತ್ತವೆ.

ಡಿಕ್ಕಿಯಾದಾಗ ನಡೆಯುವುದು ಬಹುಮಟ್ಟಿಗೆ ಒಂದೇ ಬಗೆ. ಜನ ಸೇರುತ್ತಾರೆ, ಚಾಲಕ ಕೈಮುಗಿಯುತ್ತಾನೆ, ಹಿರಿಯರೊಬ್ಬರು ನಡುವೆ ಬರುತ್ತಾರೆ. ‘ಕೋರ್ಟು ಕಚೇರಿ ಯಾಕ ಬೇಕು, ದವಾಖಾನಿ ಖರ್ಚು ಕೊಡತಾನ ಬಿಡ್ರಿ’ ಎಂಬ ಮಾತಿನೊಂದಿಗೆ ಪ್ರಕರಣ ಅಲ್ಲಿಗೇ ಮುಗಿಯುತ್ತದೆ. ಮೂರು ತಿಂಗಳ ನಂತರ ಮುರಿದ ಕಾಲು ಸರಿಯಾಗಿ ಕೂಡಿಲ್ಲವೆಂದು, ಮತ್ತೊಂದು ಶಸ್ತ್ರಚಿಕಿತ್ಸೆ ಆಗಬೇಕೆಂದು ವೈದ್ಯರು ಹೇಳಿದಾಗ ಚಾಲಕನ ದೂರವಾಣಿ ಸ್ವಿಚ್ ಆಫ್ ಆಗಿರುತ್ತದೆ. ಆ ಹೊತ್ತಿಗೆ ಗಾಯಾಳುವಿನ ಕೈಯಲ್ಲಿ ವಾಹನದ ಸಂಖ್ಯೆಯಾಗಲಿ, ಠಾಣೆಯ ದೂರಿನ ಪ್ರತಿಯಾಗಲಿ, ಗಾಯದ ಪ್ರಮಾಣಪತ್ರವಾಗಲಿ ಇರುವುದಿಲ್ಲ.

ಇಂತಹ ರಾಜಿಗೆ ಬಡತನದಷ್ಟೇ ದೊಡ್ಡ ಕಾರಣ ಒಂದು ತಪ್ಪು ತಿಳಿವಳಿಕೆ. ‘ಸೈಕಲ್ಲಿಗೆ ವಿಮೆ ಎಲ್ಲಿಂದ ಬಂತು’ ಎಂದು ಕೇಳುವವರೇ ಹೆಚ್ಚು. ಸೈಕಲ್ಲಿಗೆ ವಿಮೆ ಬೇಕಾಗಿಲ್ಲ, ಸವಾರನಿಗೆ ಲೈಸೆನ್ಸೂ ಬೇಕಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ವಿಮೆಯ ಹೊಣೆಯನ್ನು ಹೊರಿಸಿರುವುದು ಮೋಟಾರು ವಾಹನದ ಮಾಲೀಕನ ಮೇಲೆ. ‘ಥರ್ಡ್ ಪಾರ್ಟಿ’ ಎಂದು ಕರೆಯಲಾಗುವ ಈ ಕಡ್ಡಾಯ ವಿಮೆ ಇರುವುದೇ ವಾಹನದ ಹೊರಗಿನವರಿಗಾಗಿ. ಪಾದಚಾರಿ, ಎತ್ತಿನ ಗಾಡಿಯವ, ಸೈಕಲ್ ಸವಾರ ಇವರೆಲ್ಲ ಆ ಮೂರನೆಯ ವ್ಯಕ್ತಿಗಳು. ಮಾಲೀಕ ಕಟ್ಟಿದ ವಿಮಾ ಕಂತಿನ ಫಲ ಸೇರಬೇಕಾದದ್ದು ಅವರಿಗೆ. ಚಾಲಕನ ಜೇಬಿನಿಂದ ನಾಲ್ಕಾರು ಸಾವಿರ ಪಡೆದು ಸುಮ್ಮನಾದವನು ವಾಸ್ತವದಲ್ಲಿ ವಿಮಾ ಕಂಪನಿಯ ಹೊಣೆಯನ್ನು ಇಳಿಸಿ ಮನೆಗೆ ಹೋಗಿರುತ್ತಾನೆ.

ಎಲ್ಲಿ, ಯಾವಾಗ ಅರ್ಜಿ?

ಪರಿಹಾರ ಕೋರುವ ಅರ್ಜಿಯನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಸಲ್ಲಿಸಬೇಕು. ಇದಕ್ಕೆ ಬೇರೆ ಕಟ್ಟಡವೇನೂ ಇರುವುದಿಲ್ಲ. ಸಿವಿಲ್ ನ್ಯಾಯಾಲಯದ ಹಿರಿಯ ನ್ಯಾಯಾಧೀಶರೇ ನ್ಯಾಯಮಂಡಳಿಯಾಗಿಯೂ ಕುಳಿತುಕೊಳ್ಳುತ್ತಾರೆ. ಜಿಲ್ಲೆಯಲ್ಲಿ ಬಾಗಲಕೋಟೆ ಮಾತ್ರವಲ್ಲದೆ ಬಾದಾಮಿ, ಹುನಗುಂದಗಳಲ್ಲೂ ಇಂತಹ ಪ್ರಕರಣಗಳು ನಡೆಯುತ್ತವೆ. ಅಪಘಾತ ನಡೆದ ಊರಿನಲ್ಲೇ ಅರ್ಜಿ ಹಾಕಬೇಕೆಂಬ ನಿಯಮವಿಲ್ಲ. ಅರ್ಜಿದಾರ ವಾಸಿಸುವ ಅಥವಾ ಕಸುಬು ನಡೆಸುವ ಸ್ಥಳದ ನ್ಯಾಯಮಂಡಳಿಗೂ ಅಧಿಕಾರವಿದೆ. ಕುಷ್ಟಗಿಯ ಬಳಿ ಗಾಯಗೊಂಡ ಇಳಕಲ್ಲಿನವನು ಕೊಪ್ಪಳ ಜಿಲ್ಲೆಗೆ ಅಲೆಯಬೇಕಾಗಿಲ್ಲ.

ಅವಧಿಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. 1994ರ ತಿದ್ದುಪಡಿಯ ಬಳಿಕ ದೀರ್ಘಕಾಲ ಇಂತಹ ಅರ್ಜಿಗಳಿಗೆ ಕಾಲಮಿತಿಯೇ ಇರಲಿಲ್ಲ. ‘ವರ್ಷ ಕಳೆದರೂ ಕೇಸು ಹಾಕಬಹುದು’ ಎಂಬ ಮಾತು ಹಳ್ಳಿಗಳಲ್ಲಿ ಉಳಿದಿರುವುದು ಆ ಕಾಲದಿಂದ. 2019ರ ತಿದ್ದುಪಡಿ ಕಾಯ್ದೆಯ ಈ ಭಾಗ 2022ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ, ಅಪಘಾತ ನಡೆದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂಬ ಷರತ್ತು ಮರಳಿ ಬಂದಿದೆ. ಇದರ ಸಿಂಧುತ್ವವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದ್ದು, ವಿಚಾರಣೆ ಮುಗಿಯುವ ತನಕ ಆರು ತಿಂಗಳು ಮೀರಿದೆ ಎಂಬ ಒಂದೇ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು ನ್ಯಾಯಾಲಯ 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ನೀಡಿತು. ಮಧ್ಯಂತರ ಆದೇಶವನ್ನು ನಂಬಿಕೊಂಡು ಕುಳಿತುಕೊಳ್ಳುವುದು ಜಾಣತನವಲ್ಲ. ಗಾಯಾಳು ಹಾಸಿಗೆಯಲ್ಲಿದ್ದಾಗಲೇ ಆರು ತಿಂಗಳು ಸರಿದುಹೋಗುತ್ತವೆ.

ಪೊಲೀಸರ ಹೊಣೆಯೂ ಈಗ ಹಿಂದಿಗಿಂತ ಹೆಚ್ಚಾಗಿದೆ. 2022ರ ಕೇಂದ್ರ ನಿಯಮಗಳ ಪ್ರಕಾರ ತನಿಖಾಧಿಕಾರಿಯು ಅಪಘಾತದ ಪ್ರಥಮ ವರದಿಯನ್ನು 48 ಗಂಟೆಗಳೊಳಗೆ, ವಿವರವಾದ ವರದಿಯನ್ನು 90 ದಿನಗಳೊಳಗೆ ನ್ಯಾಯಮಂಡಳಿಗೆ ಸಲ್ಲಿಸಬೇಕು. ಆ ವಿವರವಾದ ವರದಿಯನ್ನೇ ಪರಿಹಾರದ ಅರ್ಜಿಯೆಂದು ನ್ಯಾಯಮಂಡಳಿ ಪರಿಗಣಿಸಬಹುದು. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಈ ಕಾರ್ಯವಿಧಾನವನ್ನು ಕಟ್ಟುನಿಟ್ಟಾಗಿ ಪಾಲಿಸುವಂತೆ ನಿರ್ದೇಶಿಸಿತು. ವಾಹನದ ನೋಂದಣಿ, ವಿಮೆ, ಚಾಲಕನ ಲೈಸೆನ್ಸಿನ ವಿವರಗಳನ್ನು ಕೇಳಿದರೆ ಠಾಣೆಯಿಂದಲೋ ಸಾರಿಗೆ ಕಚೇರಿಯಿಂದಲೋ ಕೊಡಲೇಬೇಕು. ಇವೆಲ್ಲ ನಡೆಯಬೇಕಾದರೆ ಮೊದಲು ಎಫ್‌ಐಆರ್ ದಾಖಲಾಗಬೇಕು. ರಾಜಿಯಾದಲ್ಲಿ ಕಡಿದುಹೋಗುವುದು ಈ ಮೊದಲ ಕೊಂಡಿಯೇ.

ಆಸ್ಪತ್ರೆಗೆ ಓಡಿದ ಗಡಿಬಿಡಿಯಲ್ಲಿ ದೂರು ತಡವಾದರೆ ದಾರಿ ಮುಚ್ಚಿತೆಂದಲ್ಲ. ದೂರು ತಡವಾಯಿತೆಂಬ ಏಕೈಕ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ, ಗಾಯಾಳುವಿನ ಬಂಧುಗಳು ಮೊದಲು ಆಸ್ಪತ್ರೆಗೆ ಓಡುವುದು ಸಹಜ ಎಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಆದರೆ ತಡವಾದಷ್ಟೂ ವಿಮಾ ಕಂಪನಿಯ ವಕೀಲರಿಗೆ ಪ್ರಶ್ನೆಗಳು ಹೆಚ್ಚುತ್ತವೆ. ಅಪಘಾತವೆಂದು ಆಸ್ಪತ್ರೆಯ ಮೊದಲ ದಿನದ ದಾಖಲೆಯಲ್ಲಿ ಬರೆಸದೆ ‘ಸೈಕಲ್ಲಿನಿಂದ ಬಿದ್ದ’ ಎಂದು ಬರೆಸಿದ ಒಂದು ಸಾಲು ಮುಂದೆ ಇಡೀ ಪ್ರಕರಣವನ್ನು ಕೆಡಿಸಬಲ್ಲದು. ಚಾಲಕನನ್ನು ಉಳಿಸುವ ಸಲುವಾಗಿ ಹಾಗೆ ಬರೆಸುವುದೂ ಉಂಟು.

ಚಿಕಿತ್ಸೆಯ ಖರ್ಚಿಗಾಗಿ ರಾಜಿಗೆ ಒಪ್ಪಬೇಕಾದ ಅನಿವಾರ್ಯವೂ ಈಗ ಸ್ವಲ್ಪ ಕಡಿಮೆಯಾಗಿದೆ. ಕೇಂದ್ರ ಸರ್ಕಾರ 2025ರ ಮೇ 5ರಂದು ಪ್ರಕಟಿಸಿದ ಯೋಜನೆಯಂತೆ ಮೋಟಾರು ವಾಹನದಿಂದ ಗಾಯಗೊಂಡ ಯಾರಿಗೇ ಆಗಲಿ, ಅಪಘಾತದ ದಿನದಿಂದ ಏಳು ದಿನಗಳವರೆಗೆ ಗರಿಷ್ಠ 1.5 ಲಕ್ಷ ರೂಪಾಯಿಯ ಚಿಕಿತ್ಸೆ ನಿಗದಿತ ಆಸ್ಪತ್ರೆಗಳಲ್ಲಿ ನಗದು ಕಟ್ಟದೆ ದೊರೆಯಬೇಕು. ಇದಕ್ಕೂ ಪೊಲೀಸ್ ದಾಖಲೆಯೇ ಆಧಾರ.

ಕಾಲು ಹೋದ ನೇಕಾರನ ಲೆಕ್ಕ

ಪರಿಹಾರದ ಮೊತ್ತ ನ್ಯಾಯಾಧೀಶರ ಮರ್ಜಿಗೆ ಬಿಟ್ಟದ್ದಲ್ಲ. ಅದಕ್ಕೊಂದು ಲೆಕ್ಕಾಚಾರವಿದೆ. 2009ರ ಸರಳಾ ವರ್ಮಾ ಪ್ರಕರಣದ ತೀರ್ಪು ವಯಸ್ಸಿಗೆ ತಕ್ಕ ಗುಣಕವನ್ನು ಗೊತ್ತುಪಡಿಸಿತು: 25 ವರ್ಷದವರೆಗೆ 18, 36ರಿಂದ 40ರವರೆಗೆ 15, 51ರಿಂದ 55ರವರೆಗೆ 11, ಹೀಗೆ ಇಳಿಯುತ್ತದೆ. 2017ರ ಪ್ರಣಯ್ ಸೇಠಿ ತೀರ್ಪು ಸ್ವಂತ ಕಸುಬಿನವರಿಗೂ ಮುಂದಿನ ದಿನಗಳ ಆದಾಯ ವೃದ್ಧಿಯನ್ನು ಕೂಡಿಸಬೇಕೆಂದಿತು. ನಲವತ್ತರೊಳಗಿನವರಿಗೆ ಆದಾಯದ ಶೇ 40, ನಲವತ್ತರಿಂದ ಐವತ್ತರವರೆಗೆ ಶೇ 25, ಐವತ್ತರಿಂದ ಅರವತ್ತರವರೆಗೆ ಶೇ 10. ಸಂಬಳದ ಚೀಟಿಯಿಲ್ಲದ ಕೂಲಿಕಾರರಿಗೆ ಇದರಿಂದ ದೊಡ್ಡ ಉಪಕಾರವಾಯಿತು. ಆದಾಯಕ್ಕೆ ದಾಖಲೆಯೇ ಇಲ್ಲದಿದ್ದರೆ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ವರ್ಷವಾರು ಪಟ್ಟಿಯನ್ನು ನೋಡಿ ಅಂದಾಜು ಆದಾಯ ನಿಗದಿ ಮಾಡುವ ರೂಢಿ ನಮ್ಮ ರಾಜ್ಯದಲ್ಲಿದೆ.

ನೇಕಾರರಿಗೆ ನಿಜವಾದ ಸಮಸ್ಯೆ ಎದುರಾಗುವುದು ಅಂಗವೈಕಲ್ಯದ ಲೆಕ್ಕದಲ್ಲಿ. ಇಳಕಲ್ ಸೀರೆಯನ್ನು ಸಾಂಪ್ರದಾಯಿಕವಾಗಿ ನೇಯುವುದು ಕುಣಿ ಮಗ್ಗದಲ್ಲಿ. ನೇಕಾರ ನೆಲದ ಅಂಚಿನಲ್ಲಿ ಕುಳಿತು ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು, ಅಲ್ಲಿರುವ ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತಾನೆ. ಆ ತುಳಿತದಿಂದಲೇ ಹಾಸಿನ ಎಳೆಗಳು ತೆರೆದುಕೊಂಡು ಲಾಳಿಗೆ ದಾರಿಯಾಗುತ್ತದೆ. ಕೈಯಷ್ಟೇ ಕಾಲೂ ನೇಯುತ್ತದೆ. ಮೊಣಕಾಲು ಮಡಚದ, ಪಾದ ಒತ್ತಲಾಗದ ನೇಕಾರನಿಗೆ ಬೇರೆಲ್ಲ ಅಂಗಗಳು ನೆಟ್ಟಗಿದ್ದರೂ ಮಗ್ಗ ಮುಗಿದ ಮಾತು.

ವೈದ್ಯರು ಪ್ರಮಾಣಪತ್ರದಲ್ಲಿ ಬಲಗಾಲಿಗೆ ಶೇ 60 ವೈಕಲ್ಯ ಎಂದು ಬರೆದರೆ, ಇಡೀ ದೇಹಕ್ಕೆ ಅದರ ಮೂರನೆಯ ಒಂದು ಭಾಗ, ಅಂದರೆ ಶೇ 20 ಎಂದು ಹಿಡಿಯುವುದು ನ್ಯಾಯಮಂಡಳಿಗಳಲ್ಲಿ ಸಾಮಾನ್ಯ. ತಿಂಗಳಿಗೆ 12,000 ರೂಪಾಯಿ ದುಡಿಯುವ 38 ವರ್ಷದ ನೇಕಾರನೊಬ್ಬನಿಗೆ ಇದನ್ನು ಅನ್ವಯಿಸಿ ನೋಡಬಹುದು. ಶೇ 40 ವೃದ್ಧಿ ಸೇರಿ ತಿಂಗಳ ಆದಾಯ 16,800. ವರ್ಷಕ್ಕೆ 2,01,600. ಗುಣಕ 15. ಒಟ್ಟು 30,24,000. ಇದರಲ್ಲಿ ಶೇ 20 ಎಂದರೆ 6,04,800 ರೂಪಾಯಿ. ಅದೇ ಗಾಯದಿಂದ ಅವನ ದುಡಿಮೆಯ ಶಕ್ತಿ ಶೇ 60ರಷ್ಟು ಹೋಗಿದೆಯೆಂದು ನ್ಯಾಯಮಂಡಳಿಗೆ ಮನವರಿಕೆಯಾದರೆ ಮೊತ್ತ 18,14,400. ನಡುವಿನ ಅಂತರ ಹನ್ನೆರಡು ಲಕ್ಷಕ್ಕೂ ಮಿಕ್ಕದ್ದು. ಆಸ್ಪತ್ರೆಯ ವೆಚ್ಚ, ನೋವು-ಸಂಕಟ, ಚಿಕಿತ್ಸೆಯ ಕಾಲದಲ್ಲಿ ನಷ್ಟವಾದ ಕೂಲಿ, ಮುಂದಿನ ಶಸ್ತ್ರಚಿಕಿತ್ಸೆಯ ಖರ್ಚು ಇವು ಬೇರೆ. ಸಾಮಾನ್ಯವಾಗಿ ಶೇ 6ರಿಂದ 9ರವರೆಗೆ ಬಡ್ಡಿಯೂ ಸೇರುತ್ತದೆ.

ಈ ಅಂತರಕ್ಕೆ ಆಧಾರವಾದದ್ದು ಸುಪ್ರೀಂ ಕೋರ್ಟಿನ 2010ರ ಒಂದು ತೀರ್ಪು. ದೇಹದ ವೈಕಲ್ಯ ಬೇರೆ, ಅದರಿಂದ ಗಳಿಕೆಯ ಶಕ್ತಿಗೆ ಆಗುವ ಹಾನಿ ಬೇರೆ. ಎರಡನೆಯದನ್ನು ಗಾಯಾಳುವಿನ ಕಸುಬನ್ನು ನೋಡಿ ಅಳೆಯಬೇಕು ಎಂದು ಅದು ವಿವರಿಸಿತು. ಎಡಗೈ ಕಳೆದುಕೊಂಡ ಗುಮಾಸ್ತ ಕೆಲಸದಲ್ಲಿ ಮುಂದುವರಿಯಬಲ್ಲ, ಅದೇ ಕೈ ಕಳೆದುಕೊಂಡ ಬಡಗಿಯ ಅಥವಾ ಚಾಲಕನ ಗಳಿಕೆ ಬಹುತೇಕ ಪೂರ್ತಿ ಹೋಗುತ್ತದೆ ಎಂಬುದು ನ್ಯಾಯಾಲಯವೇ ಕೊಟ್ಟ ಉದಾಹರಣೆ. ಆದುದರಿಂದ ಅರ್ಜಿಯಲ್ಲಿ ‘ಕೂಲಿ’ ಎಂದಷ್ಟೇ ಬರೆಸುವುದು ನಷ್ಟದ ಬಾಬು. ಕುಣಿ ಮಗ್ಗದ ನೇಕಾರನೆಂಬುದಕ್ಕೆ ಸಹಕಾರ ಸಂಘದ ಪುಸ್ತಕ, ನೇಕಾರರ ಗುರುತಿನ ಚೀಟಿ, ನೂಲು ಕೊಡುವ ಮಾಲೀಕರ ಸಾಕ್ಷ್ಯ ಯಾವುದಾದರೂ ಬೇಕು. ವೈದ್ಯರಿಂದ ಶೇಕಡಾವಾರು ಮಾತ್ರವಲ್ಲ, ಈತ ಹಲಗೆ ತುಳಿಯಬಲ್ಲನೇ, ನೆಲದಲ್ಲಿ ಕೂತು ಏಳಬಲ್ಲನೇ ಎಂಬುದನ್ನೂ ಹೇಳಿಸಬೇಕು. ಕಲ್ಲು ಗಣಿಯಲ್ಲಿ ದುಡಿಯುವ ಕಾರ್ಮಿಕರಿಗೂ ಇದೇ ಮಾತು ಸಲ್ಲುತ್ತದೆ.

ಮಕ್ಕಳ ವಿಷಯ ಬೇರೆ. 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡತೊಡಗಿದ ಮೇಲೆ ಹಳ್ಳಿಯ ಹೆಣ್ಣುಮಕ್ಕಳೂ ಹೈಸ್ಕೂಲಿಗೆ ಸೈಕಲ್ಲಿನಲ್ಲಿ ಹೊರಟರು. ಕೋವಿಡ್ ವರ್ಷಗಳಲ್ಲಿ ವಿತರಣೆ ನಿಂತಿತಾದರೂ ರೂಢಿ ಉಳಿಯಿತು. ಮಗುವಿಗೆ ಗಳಿಕೆಯಿಲ್ಲವೆಂದು ಅಲ್ಪ ಮೊತ್ತ ಕೊಡುವ ಪದ್ಧತಿಯನ್ನು ಸುಪ್ರೀಂ ಕೋರ್ಟು ಹಂತ ಹಂತವಾಗಿ ಮುರಿಯಿತು. ಕರ್ನಾಟಕದ 12 ವರ್ಷದ ಬಾಲಕನೊಬ್ಬನ ಪ್ರಕರಣದಲ್ಲಿ 2013ರಲ್ಲಿ ಅದು ವೈಕಲ್ಯದ ಪ್ರಮಾಣಕ್ಕೆ ತಕ್ಕಂತೆ ಒಂದು ಲಕ್ಷದಿಂದ ಆರು ಲಕ್ಷದವರೆಗಿನ ಮೊತ್ತಗಳನ್ನು ಸೂಚಿಸಿತು. 2025ರಲ್ಲಿ ಮತ್ತೂ ಮುಂದೆ ಹೋಗಿ, ಮಗುವಿನ ಆದಾಯವನ್ನು ಆ ರಾಜ್ಯದ ಕುಶಲ ಕಾರ್ಮಿಕನ ಕನಿಷ್ಠ ವೇತನಕ್ಕೆ ಸಮವೆಂದು ಹಿಡಿಯಬೇಕೆಂದು ಹೇಳಿತು.

ಗುದ್ದಿ ಓಡಿಹೋದರೆ

ಹೆದ್ದಾರಿಯಲ್ಲಿ ನಸುಕಿನ ಹೊತ್ತು ಗುದ್ದಿದ ಲಾರಿ ನಿಲ್ಲುವುದು ಅಪರೂಪ. ವಾಹನವೇ ಪತ್ತೆಯಾಗದಿದ್ದರೆ ವಿಮಾ ಕಂಪನಿ ಯಾವುದೆಂಬ ಪ್ರಶ್ನೆಯೇ ಏಳುವುದಿಲ್ಲ. ಆದರೆ ಕಾಯ್ದೆಯ 161ನೇ ಕಲಂ ಇಂತಹವರಿಗೂ ಪರಿಹಾರ ಇಟ್ಟಿದೆ. ಮೃತಪಟ್ಟರೆ 2 ಲಕ್ಷ ರೂಪಾಯಿ, ತೀವ್ರ ಗಾಯವಾದರೆ 50 ಸಾವಿರ. 2022ರ ಏಪ್ರಿಲ್‌ಗೆ ಮೊದಲು ಇವು ಕ್ರಮವಾಗಿ 25 ಸಾವಿರ ಮತ್ತು 12,500 ರೂಪಾಯಿ ಮಾತ್ರ ಆಗಿದ್ದವು. ಇಲ್ಲಿ ನ್ಯಾಯಾಲಯಕ್ಕೆ ಹೋಗಬೇಕಾಗಿಲ್ಲ. ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರು ಅರ್ಜಿಯ ವಿಚಾರಣೆ ನಡೆಸಿ ಒಂದು ತಿಂಗಳೊಳಗೆ ವರದಿ ಕೊಡಬೇಕು, ಜಿಲ್ಲಾಧಿಕಾರಿಗಳು ಹದಿನೈದು ದಿನಗಳಲ್ಲಿ ಮಂಜೂರು ಮಾಡಬೇಕು, ಅಲ್ಲಿಂದ ಹದಿನೈದು ದಿನಗಳಲ್ಲಿ ಸಾಮಾನ್ಯ ವಿಮಾ ಮಂಡಳಿ ಹಣವನ್ನು ಬ್ಯಾಂಕ್ ಖಾತೆಗೆ ಹಾಕಬೇಕು. ಕಾಗದದ ಮೇಲೆ ಇದಕ್ಕಿಂತ ಸರಳವಾದ ಯೋಜನೆ ಇರಲಾರದು.

ಬಳಸಿಕೊಂಡವರೆಷ್ಟು? ಸುಪ್ರೀಂ ಕೋರ್ಟಿನ ಮುಂದೆ ಬಂದ ಅಂಕಿಗಳ ಪ್ರಕಾರ 2022ರಲ್ಲಿ ದೇಶದಲ್ಲಿ 67,387 ಗುದ್ದಿ ಪರಾರಿಯಾದ ಪ್ರಕರಣಗಳು ನಡೆದಿದ್ದವು. 2022-23ರ ಆರ್ಥಿಕ ವರ್ಷದಲ್ಲಿ ಪರಿಹಾರ ಕೋರಿ ಬಂದ ಅರ್ಜಿಗಳು 205. ಇತ್ಯರ್ಥವಾದವು 95. ಈ ಅಂಕಿಗಳನ್ನು ಕಂಡು ನ್ಯಾಯಾಲಯವು 2024ರ ಜನವರಿಯಲ್ಲಿ ಪೊಲೀಸರಿಗೆ ಒಂದು ಕರ್ತವ್ಯ ವಿಧಿಸಿತು: ಪ್ರಕರಣ ದಾಖಲಾದ ಒಂದು ತಿಂಗಳೊಳಗೆ ವಾಹನ ಪತ್ತೆಯಾಗದಿದ್ದರೆ ಗಾಯಾಳುವಿಗೆ ಅಥವಾ ಮೃತನ ವಾರಸುದಾರರಿಗೆ ಈ ಯೋಜನೆಯ ವಿಷಯವನ್ನು ಠಾಣಾಧಿಕಾರಿ ಲಿಖಿತವಾಗಿ ತಿಳಿಸಬೇಕು. ಪತ್ರ ಬಾರದಿದ್ದರೆ ಠಾಣೆಗೆ ಹೋಗಿ ಕೇಳುವ ಹಕ್ಕಿದೆ.

ಓಡಿಹೋದ ಚಾಲಕನಿಗೆ ಹತ್ತು ವರ್ಷ ಜೈಲೆಂಬ ಸುದ್ದಿ ಕೇಳಿ ಹಲವರು ಅದೇ ಈಗಿನ ಕಾನೂನೆಂದು ತಿಳಿದಿದ್ದಾರೆ. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂನ ಎರಡನೇ ಉಪಕಲಂ ಹಾಗೆ ಹೇಳಿತ್ತು ನಿಜ. 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದ ಬಳಿಕ, ಆ ವರ್ಷದ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಉಪಕಲಂ ಒಂದನ್ನು ಹೊರಗಿಡಲಾಯಿತು. ಅಜಾಗರೂಕತೆಯಿಂದ ಸಾವು ಸಂಭವಿಸಿದರೆ ಐದು ವರ್ಷದವರೆಗಿನ ಶಿಕ್ಷೆ ವಿಧಿಸುವ ಮೊದಲ ಉಪಕಲಂ ಜಾರಿಗೆ ಬಂತು. ಇದಲ್ಲದೆ ಗಾಯಾಳುವಿಗೆ ವೈದ್ಯಕೀಯ ನೆರವು ಕೊಡಿಸಿ ಪೊಲೀಸರಿಗೆ ತಿಳಿಸುವುದು ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ ಚಾಲಕನ ಹೊಣೆ.

ವಿಮೆಯಿಲ್ಲದ ವಾಹನ, ಸೈಕಲ್ಲಿಗೆ ದೀಪ

ಪಟ್ಟಣದೊಳಗೆ ಸೈಕಲ್ಲಿಗೆ ಗುದ್ದುವುದು ಹೆಚ್ಚಾಗಿ ಬೈಕುಗಳು. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಮ್ಮೆಲೇ ಪಡೆಯುವುದು 2018ರ ಸೆಪ್ಟೆಂಬರಿನಿಂದ ಕಡ್ಡಾಯ. ಆರನೆಯ ವರ್ಷ ನವೀಕರಿಸುವುದನ್ನು ಮರೆಯುವವರು ಬಹಳ. ವಿಮೆಯಿಲ್ಲದೆ ಓಡಿಸಿದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ. ಗಾಯಾಳುವಿಗೆ ದಂಡದಿಂದ ಏನೂ ಬರುವುದಿಲ್ಲ. ಪರಿಹಾರವನ್ನು ಮಾಲೀಕನೇ ತೆರಬೇಕಾಗುತ್ತದೆ, ಆತನಿಂದ ವಸೂಲಾತಿ ಕಷ್ಟ. ಅಪಘಾತ ಮಾಡಿದ ವಿಮೆರಹಿತ ವಾಹನವನ್ನು ಮಾಲೀಕ ಭದ್ರತೆ ಒದಗಿಸದ ಹೊರತು ಬಿಟ್ಟುಕೊಡಬಾರದು, ಇಲ್ಲವಾದರೆ ಹರಾಜು ಹಾಕಿ ಹಣವನ್ನು ನ್ಯಾಯಮಂಡಳಿಯಲ್ಲಿ ಇಡಬೇಕು ಎಂಬ ನಿಯಮವನ್ನು ಎಲ್ಲ ರಾಜ್ಯಗಳೂ ಮಾಡಿಕೊಳ್ಳುವಂತೆ ಸುಪ್ರೀಂ ಕೋರ್ಟು 2018ರಲ್ಲಿ ನಿರ್ದೇಶಿಸಿತ್ತು. ವಾಹನ ಠಾಣೆಯಿಂದ ಹೊರಹೋಗುವ ಮುನ್ನವೇ ವಕೀಲರ ಮೂಲಕ ಇದನ್ನು ಗಮನಕ್ಕೆ ತರುವುದು ಲೇಸು. ಚಾಲಕನಿಗೆ ಸರಿಯಾದ ಲೈಸೆನ್ಸ್ ಇಲ್ಲದಂತಹ ಪ್ರಕರಣಗಳಲ್ಲಿ ಮಾತ್ರ, ಕಂಪನಿ ಮೊದಲು ಗಾಯಾಳುವಿಗೆ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಮಂಡಳಿಗಳು ಆದೇಶಿಸುವುದುಂಟು. ಸಾರಿಗೆ ಸಂಸ್ಥೆಯ ಬಸ್ಸು ಗುದ್ದಿದರೆ ಸಂಸ್ಥೆಯನ್ನೇ ಪ್ರತಿವಾದಿ ಮಾಡಬೇಕು.

ಇನ್ನು ವಿಮಾ ಕಂಪನಿಗಳ ಮಾಮೂಲು ವಾದ: ಸೈಕಲ್ಲಿಗೆ ದೀಪವಿರಲಿಲ್ಲ, ಸವಾರ ಹಠಾತ್ತನೆ ಅಡ್ಡ ಬಂದ. ಒಪ್ಪಿತವಾದರೆ ಆತನ ಪಾಲಿನ ತಪ್ಪಿಗೆ ತಕ್ಕಷ್ಟು ಮೊತ್ತ ಕಡಿತವಾಗುತ್ತದೆ. ಆದರೆ ದೀಪವಿಲ್ಲದಿರುವುದೇ ತಪ್ಪಾಗದು, ಅದರಿಂದಲೇ ಅಪಘಾತವಾಯಿತೆಂಬುದು ಸಾಬೀತಾಗಬೇಕು. ಹಾಡುಹಗಲಿನಲ್ಲಿ ಹಿಂದಿನಿಂದ ಗುದ್ದಿದ ವಾಹನದವನಿಗೆ ಈ ವಾದ ದಕ್ಕದು. ಇದನ್ನೆಲ್ಲ ತೀರ್ಮಾನಿಸುವುದು ಪೊಲೀಸರ ಸ್ಥಳ ಪಂಚನಾಮೆ ಮತ್ತು ಕೈನಕ್ಷೆ. ಸೈಕಲ್ ರಸ್ತೆಯ ಯಾವ ಬದಿಗೆ ಬಿದ್ದಿತ್ತು, ಗಾಲಿ ಹಿಂದಿನಿಂದ ಜಜ್ಜಿದೆಯೋ ಮಗ್ಗುಲಿನಿಂದಲೋ ಎಂಬುದು ಅದರಲ್ಲಿ ಬರಬೇಕು. ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಫೋನ್ ಇರುವುದರಿಂದ ಸೈಕಲ್ಲನ್ನು ಬದಿಗೆ ಸರಿಸುವ ಮುನ್ನ ನಾಲ್ಕು ಚಿತ್ರ ತೆಗೆದಿಡುವುದು ಕಷ್ಟವೇನಲ್ಲ. ಜಜ್ಜಿದ ಸೈಕಲ್ಲನ್ನು ಗುಜರಿಗೆ ಹಾಕಬಾರದು. ಅದೂ ಸಾಕ್ಷಿ, ಅದರ ಬೆಲೆಯನ್ನೂ ಕೇಳಬಹುದು.

ತಪ್ಪು ಯಾರದೆಂದು ಸಾಬೀತು ಮಾಡುವ ಗೋಜಿಲ್ಲದ ಮಾರ್ಗವೂ ಇದೆ. 164ನೇ ಕಲಂ ಪ್ರಕಾರ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ದೊರೆಯುತ್ತದೆ. ಕಂಪನಿಯ ಅಧಿಕಾರಿ ಈ ಮೊತ್ತದ ಪ್ರಸ್ತಾವದೊಂದಿಗೆ ಬಂದಾಗ ತಕ್ಷಣ ರುಜು ಹಾಕುವ ಮುನ್ನ ಯೋಚಿಸಬೇಕು, ಏಕೆಂದರೆ ಅದನ್ನು ಸ್ವೀಕರಿಸಿದರೆ ನ್ಯಾಯಮಂಡಳಿಯ ಮುಂದಿರುವ ಅರ್ಜಿ ಬಿದ್ದುಹೋಗುತ್ತದೆ. ಮೇಲಿನ ನೇಕಾರನ ಲೆಕ್ಕಕ್ಕೆ ಹೋಲಿಸಿದರೆ ನಷ್ಟದ ಅಳತೆ ತಿಳಿಯುತ್ತದೆ. ನ್ಯಾಯಮಂಡಳಿಯ ತೀರ್ಪು ಸಮಾಧಾನ ತರದಿದ್ದರೆ 90 ದಿನಗಳೊಳಗೆ ಹೈಕೋರ್ಟಿನ ಧಾರವಾಡ ಪೀಠಕ್ಕೆ ಮೇಲ್ಮನವಿ ಸಲ್ಲಿಸಬಹುದು, ವಿವಾದದ ಮೊತ್ತ ಒಂದು ಲಕ್ಷಕ್ಕಿಂತ ಕಡಿಮೆಯಿರಬಾರದು.

ಸವಾರ ತಾನೇ ಮಾಡಿಕೊಳ್ಳಬಹುದಾದ ವಿಮೆ ಒಂದುಂಟು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 18ರಿಂದ 70 ವರ್ಷದವರ ಉಳಿತಾಯ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುತ್ತದೆ. ಅಪಘಾತದಲ್ಲಿ ಮರಣ ಅಥವಾ ಪೂರ್ಣ ವೈಕಲ್ಯಕ್ಕೆ 2 ಲಕ್ಷ, ಒಂದು ಕಣ್ಣು, ಒಂದು ಕೈ ಅಥವಾ ಕಾಲು ಹೋದರೆ ಒಂದು ಲಕ್ಷ. ಮನೆಯವರಿಗೇ ತಿಳಿಯದಂತೆ ವರ್ಷಗಳಿಂದ ಈ ಕಡಿತ ನಡೆಯುತ್ತಿರುವ ಖಾತೆಗಳೂ ಇರುತ್ತವೆ. ದುರಂತ ನಡೆದ ಮನೆಯಲ್ಲಿ ಪಾಸ್‌ಬುಕ್ಕಿನ ಮೇ ತಿಂಗಳ ಕೊನೆಯ ನಮೂದುಗಳನ್ನೊಮ್ಮೆ ನೋಡಬೇಕು.

ವಕೀಲರ ಶುಲ್ಕದ ಭಯವಿದ್ದವರಿಗೆ ನವನಗರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ತಾಲ್ಲೂಕು ನ್ಯಾಯಾಲಯಗಳಲ್ಲಿರುವ ಸಮಿತಿಗಳು ತೆರೆದಿವೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರಿಗೆ 1987ರ ಕಾಯ್ದೆಯಡಿ ಉಚಿತವಾಗಿ ವಕೀಲರನ್ನು ಒದಗಿಸಲಾಗುತ್ತದೆ. ಸಹಾಯವಾಣಿ ಸಂಖ್ಯೆ 15100. ಹೋಗುವಾಗ ಎಫ್‌ಐಆರ್ ಪ್ರತಿ, ಗಾಯದ ಪ್ರಮಾಣಪತ್ರ, ಆಸ್ಪತ್ರೆಯ ಬಿಲ್ಲುಗಳು, ಆಧಾರ್ ಚೀಟಿ, ಬ್ಯಾಂಕ್ ಪಾಸ್‌ಬುಕ್ ಮತ್ತು ಕಸುಬಿನ ದಾಖಲೆ ಜೊತೆಗಿರಬೇಕು. ಇಳಕಲ್ಲಿನವರು ಯಾವ ನ್ಯಾಯಾಲಯದಲ್ಲಿ ಅರ್ಜಿ ಹಾಕಬೇಕೆಂಬುದನ್ನೂ ಅಲ್ಲಿಯೇ ಕೇಳಿ ತಿಳಿಯಬಹುದು.